ಮೂರು ಬೆರಳು ಹಿಡಿಯದ ಬಾಯಿ

ಮಂಗಳೂರಿನ ನಂತೂರಿನಿಂದ ಮೂಡುಬಿದಿರೆ ದಾರಿ ಹಿಡಿದರೆ ಬಿಕರ್ನಕಟ್ಟೆ. ಅಲ್ಲಿನ ಕೈಕಂಬದಲ್ಲಿ ಮಧ್ಯಾಹ್ನದ ಗಂಜಿ ಊಟಕ್ಕೆ ಕುಳಿತ ರಿಕ್ಷಾ ಚಾಲಕರೊಬ್ಬರನ್ನು ಕಲ್ಪಿಸಿಕೊಳ್ಳಿ. ಬಂಗುಡೆ ಪುಳಿಮುಂಚಿಯ ತುಂಡನ್ನು ಗಂಜಿತಿಳಿಯಲ್ಲಿ ಅದ್ದಿ ಖಾರ ತೊಳೆಯುತ್ತಾರೆ. ಆಮೇಲೆ ಉಗುರಷ್ಟೇ ಚೂರು ಮಾಡಿ ತುಟಿಯ ಸಂದಿಯಲ್ಲಿ ತೂರಿಸುತ್ತಾರೆ. ಜೊತೆಯವರು ಕೈ ತೊಳೆದು ಬಂದರೂ ಇವರದು ಅರ್ಧ ಬಟ್ಟಲು ಬಾಕಿ. ಹೀಗೆ ನಾಲ್ಕು ದಿನ ಆದ ಮೇಲೆ ಮನುಷ್ಯ ಒಬ್ಬನೇ ಉಣ್ಣಲು ಶುರು ಮಾಡುತ್ತಾನೆ.

ಅವರ ಬಾಯಿ ಬಿಗಿಸಿದ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಬೆಳೆದು ಬಿಗಿಯುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಈ ನಾರಿನ ಉತ್ಪತ್ತಿ ಹೆಚ್ಚಿಸಿದರೆ, ಅಡಿಕೆಯದೇ ತಾಮ್ರದ ಅಂಶ ಅದನ್ನು ಹೆಣೆದು ಗಟ್ಟಿ ಮಾಡುತ್ತದೆ. ಮೊದಲು ಖಾರ ತಾಗಿದರೆ ಉರಿ. ಬರುಬರುತ್ತಾ ಕೆನ್ನೆಯ ಒಳಗೆ ಅಮೃತಶಿಲೆಯಂಥ ಬಿಳಿಚು. ಸಾಮಾನ್ಯವಾಗಿ ನಮ್ಮ ಬಾಯಿಗೆ ನಮ್ಮದೇ ಮೂರು ಬೆರಳು ನೆಟ್ಟಗೆ ಹಿಡಿಯಬೇಕು. ಈ ಕಾಯಿಲೆಯವರಿಗೆ ಎರಡು, ಕೆಲವರಿಗೆ ಒಂದೇ. ಆಕಳಿಕೆ ಅರ್ಧಕ್ಕೆ ನಿಲ್ಲುತ್ತದೆ, ಹಿಂದಿನ ಹಲ್ಲಿಗೆ ಬ್ರಷ್ ಮುಟ್ಟುವುದಿಲ್ಲ, ನಾಲಿಗೆ ಹೊರಳದೆ ಮಾತು ತೊದಲುತ್ತದೆ.

ಅಡಿಕೆಯಿಂದಲೇ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ಜಿಲ್ಲೆಯಿದು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೂ 1973ರಲ್ಲಿ ಮಂಗಳೂರಿನಲ್ಲೇ. ಹಾಗಾಗಿ ಅಡಿಕೆ ಬಾಯಿ ಬಿಗಿಸುತ್ತದೆ ಎಂಬ ಮಾತು ಇಲ್ಲಿ ಯಾರಿಗೂ ರುಚಿಸುವುದಿಲ್ಲ. ತಂಬಾಕಿಲ್ಲದ ಅಡಿಕೆಗೂ ಈ ದೋಷ ಅಂಟಿದೆ ಎಂಬುದು ಮಾತ್ರ ಸತ್ಯ. ಗುಟ್ಕಾ ಬಂದ ಮೇಲೆ ಹರೆಯದವರ ಬಾಯಿಯೂ ಬಿಗಿಯತೊಡಗಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯ ಮುಂದೆ ಮತ್ತೆ ನೇತಾಡಿತು.

ಇದು ಕ್ಯಾನ್ಸರಿನತ್ತ ತಿರುಗಬಲ್ಲ ಕಾಯಿಲೆ. ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ 5 ಮಂದಿಗೆ ಕ್ಯಾನ್ಸರ್ ಬಂದಿತ್ತು. ಕೆನ್ನೆಯಲ್ಲಿ ಮಾಯದ ಹುಣ್ಣು ಎರಡು ವಾರ ದಾಟಿದರೆ ತೋರಿಸಲೇಬೇಕು. ಅಡಿಕೆ ಬಿಡದೆ ಯಾವ ಚಿಕಿತ್ಸೆಯೂ ಫಲಿಸದು. ಇಂಜೆಕ್ಷನ್, ಮಾತ್ರೆ, ಕೊನೆಗೆ ಶಸ್ತ್ರಚಿಕಿತ್ಸೆ ಇವೆ. ಬಿಗಿದದ್ದು ಪೂರ್ತಿ ಸಡಿಲವಾಗುವುದು ಅಪರೂಪ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟು ದಿನವೂ ಬಾಯಿ ತೆರೆಯುವ ಕಸರತ್ತು ಮಾಡಬೇಕು.

ದಂತವೈದ್ಯರು ಬಾಯಿಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬದುಕನ್ನು ಅಳೆಯಲೂ 14 ಪ್ರಶ್ನೆಗಳ ಒಂದು ಪಟ್ಟಿಯಿದೆ: ತಿನ್ನಲು ಕಷ್ಟವಾಯಿತೇ, ಮುಜುಗರವಾಯಿತೇ, ಊಟ ಅರ್ಧಕ್ಕೆ ನಿಲ್ಲಿಸಿದಿರೇ? ಉತ್ತರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಪಟ್ಟಿ ಒಳ್ಳೆಯದೇ. ಆದರೆ ಮದುವೆ ಮನೆಯಲ್ಲಿ ಕೋರಿ ರೊಟ್ಟಿ ಬಡಿಸಲು ಬಂದಾಗ “ಹೊಟ್ಟೆ ತುಂಬಿದೆ” ಎಂದು ಎಲೆಗೆ ಕೈ ಅಡ್ಡ ಹಿಡಿದದ್ದಕ್ಕೆ ಅದರಲ್ಲಿ ಅಂಕವಿಲ್ಲ.