ಹಳೆಯ ಕಾರಿನ ಎಂಜಿನ್ ಆಯಿಲ್ ಸೋರಿಕೆ: ಬಿಚ್ಚುವ ಮೊದಲು ಪತ್ತೆ ಹಚ್ಚುವ ಬಗೆ

ರೋಣ ಮತ್ತು ಗಜೇಂದ್ರಗಡಗಳ ನಡುವೆ ಇರುವ ಸೂಡಿ ಗ್ರಾಮವು ಹೊರಗಿನವರಿಗೆ ಜೋಡುಕಳಸದ ಗುಡಿ ಹಾಗೂ ನಾಗಕುಂಡಗಳಿಂದ ಪರಿಚಿತವಾಗಿದೆ. ಆದರೆ ಅಲ್ಲಿನ ಹಾಗೂ ಸುತ್ತಲಿನ ವರ್ತಕರ ದಿನದ ಬಹುಭಾಗ ಕಳೆಯುವುದು ರಸ್ತೆಯ ಮೇಲೆ. ಕಡಲೆ, ಹೆಸರು, ಮೆಣಸಿನಕಾಯಿ, ಉಳ್ಳಾಗಡ್ಡಿಗಳ ವ್ಯವಹಾರಕ್ಕೆ ಗಜೇಂದ್ರಗಡ, ಹೊಳೆಆಲೂರು, ಗದಗ ಮಾರುಕಟ್ಟೆಗಳಿಗೂ, ಅಂಗಡಿಯ ಸರಕಿಗಾಗಿ ಹುಬ್ಬಳ್ಳಿಗೂ ಓಡಾಡುವುದು ಅನಿವಾರ್ಯ. ಈ ಓಡಾಟಕ್ಕೆ ಹಳೆಯ ಮಾರುತಿ 800, ಓಮ್ನಿ, ಇಂಡಿಕಾದಂಥ ವಾಹನಗಳನ್ನೇ ನೆಚ್ಚಿಕೊಂಡವರು ಇಂದಿಗೂ ಇದ್ದಾರೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಇಂಡಿಕಾದ ತಯಾರಿಕೆ 2018ರಲ್ಲಿ, ಓಮ್ನಿಯದು 2019ರಲ್ಲಿ ನಿಂತುಹೋಯಿತು. ಆದುದರಿಂದ ಇವುಗಳಲ್ಲಿ ತೀರ ಈಚಿನ ವಾಹನಕ್ಕೂ ಈಗ ವಯಸ್ಸಾಗಿದೆ.

ಇಂಥ ಕಾರಿನ ಅಡಿಯಲ್ಲಿ ಒಂದು ಮುಂಜಾನೆ ತಟ್ಟೆಯಗಲದ ಕಪ್ಪು ಕಲೆ ಕಂಡುಬಂದಾಗ ಮಾಲೀಕನು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಒಂದು, ‘ಹಳೆಯ ಗಾಡಿ, ಸೋರುವುದು ಸಹಜ’ ಎಂದು ಹಾಗೆಯೇ ಹೊರಡುವುದು. ಇನ್ನೊಂದು, ಗಾಬರಿಯಿಂದ ಗ್ಯಾರೇಜಿಗೆ ಒಯ್ದು ಎಂಜಿನ್ ಇಳಿಸಲು ಒಪ್ಪಿಬಿಡುವುದು. ಮೊದಲನೆಯದರಿಂದ ಎಂಜಿನ್ ಹಿಡಿದುಕೊಂಡು ಕಾರಿನ ಬೆಲೆಗಿಂತ ಹೆಚ್ಚಿನ ಖರ್ಚು ಬರಬಹುದು. ಎರಡನೆಯದರಿಂದ ಸಣ್ಣ ಬಿಡಿಭಾಗವೊಂದರ ದೋಷಕ್ಕೆ ಸಾವಿರಾರು ರೂಪಾಯಿ ತೆರಬೇಕಾಗಬಹುದು. ಇವೆರಡನ್ನೂ ತಪ್ಪಿಸುವ ದಾರಿ ಕ್ರಮಬದ್ಧವಾದ ಪರೀಕ್ಷೆಯೊಂದೇ.

ಮೊದಲು ಆಯಿಲ್ ಮಟ್ಟ

ಕಲೆಯನ್ನು ಕಂಡೊಡನೆ ಎಂಜಿನ್ ಚಾಲೂ ಮಾಡಬಾರದು. ಕಾರು ಸಮತಟ್ಟಾದ ನೆಲದಲ್ಲಿರುವಾಗ ಡಿಪ್‌ಸ್ಟಿಕ್ ಹೊರತೆಗೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಮಟ್ಟವು ಕೆಳಗಿನ ಗುರುತಿಗಿಂತ ಇಳಿದಿದ್ದರೆ ಆಯಿಲ್ ತುಂಬುವವರೆಗೆ ವಾಹನವನ್ನು ಕದಲಿಸಕೂಡದು. ಮಾರುತಿ 800ರಂಥ ಸಣ್ಣ ಎಂಜಿನ್‌ನಲ್ಲಿ ಇರುವುದೇ ಸುಮಾರು 3 ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಹೋದರೂ ಉಳಿದದ್ದರ ಮೇಲೆ ಬೀಳುವ ಹೊರೆ ಅಪಾರ.

ದಾರಿಯಲ್ಲಿ ಕೆಂಪು ಆಯಿಲ್ ದೀಪ ಹೊತ್ತಿದರೆ ‘ಮುಂದಿನ ಊರಿಗೆ ಮುಟ್ಟೋಣ’ ಎಂಬ ವಿಚಾರ ಸಲ್ಲದು. ಆ ದೀಪ ಹೇಳುವುದು ಆಯಿಲ್‌ನ ಪ್ರಮಾಣವನ್ನಲ್ಲ, ಒತ್ತಡವನ್ನು. ಒತ್ತಡವಿಲ್ಲದೆ ಓಡುವ ಎಂಜಿನ್‌ನ ಬೇರಿಂಗ್‌ಗಳು ಕೆಲವೇ ನಿಮಿಷಗಳಲ್ಲಿ ಹಾಳಾಗಬಲ್ಲವು. ಸುಟ್ಟ ವಾಸನೆ ಅಥವಾ ಹೊಗೆ ಬಂದರೂ ತಕ್ಷಣ ನಿಲ್ಲಿಸಬೇಕು. ಕಾದ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಅಪಾಯವುಂಟು. ಮುಂದಿನ ಆಸನಗಳ ಕೆಳಗೆ ಎಂಜಿನ್ ಇರುವ ಓಮ್ನಿಯಲ್ಲಿ ಈ ಎಚ್ಚರಿಕೆ ಇನ್ನೂ ಅವಶ್ಯ.

ಸೋರಿದ್ದು ಯಾವ ದ್ರವ?

ನೆಲದ ಕಲೆಯೆಲ್ಲ ಎಂಜಿನ್ ಆಯಿಲ್ ಆಗಿರಬೇಕೆಂದಿಲ್ಲ. ರಾತ್ರಿ ಕಾರಿನಡಿ ಹಳೆಯ ರಟ್ಟನ್ನು ಹಾಸಿದರೆ ಬಣ್ಣವೂ ಸ್ಥಳವೂ ಸ್ಪಷ್ಟವಾಗುತ್ತವೆ. ಕಂದು ಅಥವಾ ಕಪ್ಪು ಬಣ್ಣದ ಜಿಡ್ಡು ಎಂಜಿನ್ ಆಯಿಲ್. ಇನ್ನೂ ಮಂದವಾಗಿದ್ದು ಗಂಧಕದಂಥ ಘಾಟು ವಾಸನೆ ಬಂದರೆ ಅದು ಗೇರ್ ಆಯಿಲ್. ಹಸಿರು ಅಥವಾ ಕೆಂಪು ಬಣ್ಣದ, ಸಿಹಿ ವಾಸನೆಯ ದ್ರವ ರೇಡಿಯೇಟರ್‌ನ ಕೂಲೆಂಟ್. ಚಕ್ರದ ಬಳಿ ತಿಳಿಯಾದ ಜಾರು ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು; ಆಗ ಕಾರನ್ನು ಓಡಿಸಲೇಬಾರದು.

ತೊಟ್ಟಿಕ್ಕುವ ಜಾಗ, ಸೋರುವ ಜಾಗ

ಪತ್ತೆಕಾರ್ಯದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಆಯಿಲ್ ತೊಟ್ಟಿಕ್ಕುವ ಜಾಗದಲ್ಲಿಯೇ ಸೋರುತ್ತಿರುವುದಿಲ್ಲ. ಮೇಲಿನಿಂದ ಒಸರಿದ ಆಯಿಲ್ ಎಂಜಿನ್‌ನ ಮೈಮೇಲೆ ಇಳಿದು, ಓಟದ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಅತ್ಯಂತ ತಗ್ಗಿನ ಭಾಗದಿಂದ ನೆಲಕ್ಕೆ ಬೀಳುತ್ತದೆ. ಟ್ಯಾಪೆಟ್ ಕವರ್‌ನ ಹಿಂಬದಿಯ ಪ್ಯಾಕಿಂಗ್ ಸೋರಿದರೂ ಹನಿ ಬೀಳುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ. ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್ ಸೋರಿದರೂ ಹನಿ ಬೀಳುವುದು ಅಲ್ಲಿಯೇ. ಮೊದಲನೆಯದನ್ನು ಬದಲಿಸಲು ಅರ್ಧ ದಿನವೂ ಬೇಡ. ಎರಡನೆಯದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು. ಸೀಲಿನ ಬೆಲೆ ಅಲ್ಪ, ಕೂಲಿ ಅಧಿಕ. ಕೆಳಗಿನ ಹನಿಯನ್ನಷ್ಟೇ ನೋಡಿ ತೀರ್ಮಾನಿಸಿದರೆ ನಷ್ಟವಾಗುವುದು ಇಲ್ಲಿಯೇ.

ಆದುದರಿಂದ ತಣ್ಣಗಿರುವ ಎಂಜಿನನ್ನು ಮೊದಲು ಸ್ವಚ್ಛಗೊಳಿಸಬೇಕು. ಆಲ್ಟರ್ನೇಟರ್ ಮತ್ತು ವೈರುಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿ, ಜಿಡ್ಡು ತೆಗೆಯುವ ದ್ರಾವಣದಿಂದ ತಿಕ್ಕಿ ತೊಳೆದು ಚೆನ್ನಾಗಿ ಒಣಗಿಸಬೇಕು. ಅನಂತರ ಸಂಶಯವಿರುವ ಭಾಗಗಳಿಗೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ, ನಿಂತಲ್ಲಿಯೇ ಹತ್ತು ಹದಿನೈದು ನಿಮಿಷ ಎಂಜಿನ್ ನಡೆಸಿ, ಬ್ಯಾಟರಿ ಮತ್ತು ಸಣ್ಣ ಕನ್ನಡಿಯ ನೆರವಿನಿಂದ ಮೇಲಿನಿಂದ ಕೆಳಕ್ಕೆ ನೋಡಬೇಕು. ಬೆಲ್ಟ್ ಮತ್ತು ಫ್ಯಾನ್‌ಗಳಿಂದ ಕೈ, ಬಟ್ಟೆಗಳನ್ನು ದೂರವಿಡಬೇಕು. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸಾಮಾನ್ಯವಾಗಿ ಸೋರಿಕೆಯ ಮೂಲ. ನಿಂತಲ್ಲಿ ಏನೂ ಕಾಣದಿದ್ದರೆ ನಾಲ್ಕೈದು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕು.

ನಿನ್ನೆ ಏನಾಯಿತು?

ವರ್ಷಗಟ್ಟಲೆ ಸಣ್ಣಗೆ ಒಸರುವುದು ಬೇರೆ, ಒಂದೇ ದಿನದಲ್ಲಿ ಸುರಿಯತೊಡಗುವುದು ಬೇರೆ. ಹಠಾತ್ ಸೋರಿಕೆಗೆ ಅನೇಕ ವೇಳೆ ಹಿಂದಿನ ಒಂದೆರಡು ದಿನಗಳ ಘಟನೆಯೇ ಕಾರಣವಾಗಿರುತ್ತದೆ.

ಈಚೆಗೆ ಆಯಿಲ್ ಬದಲಿಸಿದ್ದರೆ ಫಿಲ್ಟರ್ ಮತ್ತು ಡ್ರೇನ್ ಬೋಲ್ಟ್‌ಗಳನ್ನು ಮೊದಲು ನೋಡಬೇಕು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್‌ಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತಿದ್ದರೆ, ಎಂಜಿನ್ ಓಡುವಾಗ ಆಯಿಲ್ ರಭಸದಿಂದ ಹೊರಬೀಳುತ್ತದೆ. ಡ್ರೇನ್ ಬೋಲ್ಟಿನ ವಾಷರ್ ಸವೆದಿರುವುದು, ಅತಿಯಾಗಿ ಬಿಗಿದು ಮರೆ ಕೆಟ್ಟಿರುವುದು ಕೂಡ ಸಾಮಾನ್ಯ.

ಕಾರಿನ ಅಡಿ ತಾಗಿದ್ದರೆ ಆಯಿಲ್ ಚೇಂಬರ್ ಪರೀಕ್ಷಿಸಬೇಕು. ರೋಣ, ನರಗುಂದ ಭಾಗದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆಗಳೂ ಏರುಪೇರಾಗುತ್ತವೆ. ಚೀಲಗಳನ್ನು ಹೇರಿದ ಕಾರು ಸ್ಪ್ರಿಂಗ್ ಕುಸಿದು ಇನ್ನಷ್ಟು ತಗ್ಗುತ್ತದೆ. ಹೊಲದ ದಾರಿಯ ಒಂದು ಕಲ್ಲು ಚೇಂಬರ್ ಬಿರಿಯಲು ಸಾಕು.

ಇಂಥ ಘಟನೆ ಯಾವುದೂ ನಡೆದಿಲ್ಲವಾದರೆ ಆಯಿಲ್ ಪ್ರೆಷರ್ ಸ್ವಿಚ್ ನೋಡಬೇಕು. ಒತ್ತಡದ ಆಯಿಲ್‌ಗೆ ನೇರವಾಗಿ ಜೋಡಣೆಯಾದ ಈ ಪುಟ್ಟ ಭಾಗ ಒಳಗೆ ಒಡೆದರೆ ವೈರಿನ ತುದಿಯಿಂದಲೇ ಆಯಿಲ್ ಹರಿಯುತ್ತದೆ. ಇದನ್ನು ಬದಲಿಸುವುದು ಸುಲಭ, ಖರ್ಚೂ ಕಡಿಮೆ.

ಒಳಗಿನ ಒತ್ತಡ

ಹೊಸ ಸೀಲ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಸೋರಿದರೆ ಮಾಲೀಕನು ಮೆಕ್ಯಾನಿಕ್‌ನನ್ನು, ಮೆಕ್ಯಾನಿಕ್ ಸೀಲನ್ನು ದೂರುವುದುಂಟು. ದೋಷ ಇಬ್ಬರ ಮಾತಿನಲ್ಲಿಯೂ ಇಲ್ಲದ ಕಡೆ ಇರಬಹುದು. ಉರಿದ ಅನಿಲದ ಸ್ವಲ್ಪ ಅಂಶ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಚೇಂಬರಿಗೆ ಸೇರುತ್ತದೆ. ಅದನ್ನು ಹೊರಗೆ ಸೆಳೆಯಲು ಬ್ರೀದರ್ ಪೈಪ್ ಇದೆ. ಅನೇಕ ಕಾರುಗಳಲ್ಲಿ ಅದಕ್ಕೊಂದು ವಾಲ್ವ್ ಇರುತ್ತದೆ. ಧೂಳು, ಮಡ್ಡಿಗಳಿಂದ ಈ ದಾರಿ ಕಟ್ಟಿದರೆ ಒಳಗೆ ಒತ್ತಡ ಬೆಳೆದು, ಎಲ್ಲಿ ಸೀಲ್ ದುರ್ಬಲವಾಗಿದೆಯೋ ಅಲ್ಲಿ ಆಯಿಲನ್ನು ಹೊರತಳ್ಳುತ್ತದೆ. ಹಲವು ಜಾಗಗಳಲ್ಲಿ ಏಕಕಾಲಕ್ಕೆ ಸೋರಿಕೆ ಆರಂಭವಾದರೆ ಇದೇ ಕಾರಣವಿರುವ ಸಂಭವ ಹೆಚ್ಚು.

ಪರೀಕ್ಷೆ ಸರಳ. ಎಂಜಿನ್ ಮಂದಗತಿಯಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ಸಡಿಲಿಸಬೇಕು. ಮುಚ್ಚಳ ಜೋರಾಗಿ ಕುಣಿದು, ಹೊಗೆ ಬುಸುಬುಸನೆ ಬಂದರೆ ಒಳಗೆ ಒತ್ತಡವಿದೆ. ಬ್ರೀದರ್ ಸ್ವಚ್ಛಗೊಳಿಸಿ ಮತ್ತೆ ನೋಡಬೇಕು. ಆಗಲೂ ಹಾಗೆಯೇ ಇದ್ದರೆ ರಿಂಗ್‌ಗಳು ಸವೆದಿವೆಯೇ ಎಂದು ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ರಿಂಗ್ ಸವೆದ ಎಂಜಿನ್‌ಗೆ ಸೀಲ್ ಮಾತ್ರ ಬದಲಿಸುವುದು ಹಣವನ್ನು ಹೊಳೆಯಲ್ಲಿ ಹಾಕಿದಂತೆ.

ಕೂಡದ ಉಪಾಯಗಳು

ಟ್ಯಾಪೆಟ್ ಕವರ್‌ನ ಬೋಲ್ಟ್‌ಗಳನ್ನು ಮತ್ತೆ ಮತ್ತೆ ಬಿಗಿಯುವುದರಿಂದ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ. ಪ್ಯಾಕಿಂಗ್ ಬದಲು ಅಂಟನ್ನೇ ದಪ್ಪಗೆ ಬಳಿದರೆ ಒಳಗೆ ಬಿದ್ದ ಅದರ ತುಣುಕುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಬಲ್ಲವು. ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರಾವಣಗಳು ಗಡುಸಾದ ರಬ್ಬರನ್ನು ಸ್ವಲ್ಪ ಕಾಲ ಮೃದುಗೊಳಿಸಿಯಾವು. ಬಿರಿದ ಚೇಂಬರ್, ಹರಿದ ಪ್ಯಾಕಿಂಗ್‌ಗಳಿಗೆ ಅವು ಪರಿಹಾರವಲ್ಲ.

ಖರ್ಚಿನ ವಿವೇಕ

ದುರಸ್ತಿಗೆ ಮುನ್ನ ಸೋರಿಕೆಯ ಜಾಗವನ್ನು ತೋರಿಸುವಂತೆ ಮೆಕ್ಯಾನಿಕ್‌ನನ್ನು ಕೇಳುವುದು ಅವಿಶ್ವಾಸವಲ್ಲ, ವ್ಯವಹಾರದ ಕ್ರಮ. ಗೇರ್‌ಬಾಕ್ಸ್ ಇಳಿಸುವುದು ಅನಿವಾರ್ಯವಾದರೆ ಕ್ಲಚ್ ಪ್ಲೇಟನ್ನೂ ಅದೇ ಕೂಲಿಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದು, ಅನಂತರ ತಪಾಸಣೆಯೊಡನೆ 5 ವರ್ಷಗಳಿಗೊಮ್ಮೆ ನವೀಕರಣಗೊಳ್ಳಬೇಕಾಗುತ್ತದೆ. ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಆ ಅವಧಿ ಎಷ್ಟು ಉಳಿದಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಹಂಗಾಮಿನ ದಿನಗಳಲ್ಲಿ ಕಾರು ಒಂದು ದಿನ ನಿಂತರೂ ವರ್ತಕನಿಗೆ ಒಂದು ದಿನದ ಪೇಟೆ ತಪ್ಪುತ್ತದೆ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಹಾಕಿದ ಆಯಿಲ್‌ನ ಪ್ರಮಾಣ ಮತ್ತು ದಿನಾಂಕವನ್ನು ಅಂಗಡಿಯ ಕಿರ್ದಿಯ ಬದಿಯಲ್ಲಿ ಬರೆದಿಟ್ಟರೆ, ನೆಲದ ಮೇಲೆ ಕಲೆ ಮೂಡುವ ಮೊದಲೇ ಸೋರಿಕೆಯ ಸುಳಿವು ಆ ಲೆಕ್ಕದಲ್ಲಿಯೇ ಸಿಗುತ್ತದೆ.