ಒಂದು ಅಲ್ಪವಿರಾಮದ ದೂರಪ್ರಯಾಣ

ಒಂದು ಲೆಕ್ಕ ಕೊಡುತ್ತೇನೆ, ಉತ್ತರ ಊಹಿಸಿ ನೋಡೋಣ!

ಇಲ್ಲೊಂದು ಸರ್ವರ್. ಸಾವಿರ ಕಿಲೋಮೀಟರ್ ಆಚೆ ಇನ್ನೊಂದು. ಎರಡರಲ್ಲೂ ಒಂದೇ ಫೈಲ್, 10 ಲಕ್ಷ ಬೈಟ್. ಇಲ್ಲಿನ ಫೈಲಿನ ತಲೆಯಲ್ಲಿ ಯಾರೋ ಒಂದು ಅಲ್ಪವಿರಾಮ ಸೇರಿಸಿದರು. ಒಂದೇ ಒಂದು ಬೈಟ್! ಎರಡೂ ಮತ್ತೆ ಒಂದೇ ಆಗಲು ತಂತಿಯ ಮೇಲೆ ಎಷ್ಟು ಬೈಟ್ ಓಡಾಡಬೇಕು?

10 ಲಕ್ಷವೇ? ಅಲ್ಲ! ಒಂದೇ? ಅದೂ ಅಲ್ಲ! ಆಚೆಯ ಫೈಲನ್ನು ಈಚೆಯ ಸರ್ವರ್ ಕಂಡೇ ಇಲ್ಲವಲ್ಲ. ಕಾಣದ ಫೈಲಿಗೂ ತನ್ನ ಫೈಲಿಗೂ ಏನು ವ್ಯತ್ಯಾಸ ಅಂತ ಅದು ಹೇಳುವುದಾದರೂ ಹೇಗೆ?

ಹೇಳುತ್ತದೆ! ಆ ಚಮತ್ಕಾರದ ಹೆಸರು ಆರ್‌ಸಿಂಕ್. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಅದನ್ನು ಹೊರತಂದರು. ಊರು, ಆಸ್ಟ್ರೇಲಿಯಾದ ಕ್ಯಾನ್‌ಬೆರಾ.

ಆಚೆಯ ಸರ್ವರ್ ತನ್ನ ಫೈಲನ್ನು ತುಂಡರಿಸುತ್ತದೆ. ತುಂಡಿಗೆ 1000 ಬೈಟ್ ಎಂದಿಟ್ಟುಕೊಳ್ಳಿ. ಪ್ರತಿ ತುಂಡಿಗೂ ಅದರ ಬೈಟುಗಳನ್ನು ಲೆಕ್ಕ ಹಾಕಿ ತೆಗೆದ ಎರಡು ಗುರುತು: 4 ಬೈಟಿನದು ಒಂದು, 16 ಬೈಟಿನದು ಇನ್ನೊಂದು. ಸಾವಿರ ತುಂಡಿಗೆ 20 ಸಾವಿರ ಬೈಟ್. ಈಚೆಗೆ ಬರುವುದು ಆ ಗುರುತುಗಳು ಮಾತ್ರ!

ಆದರೆ ಆ ಅಲ್ಪವಿರಾಮ ಎಲ್ಲವನ್ನೂ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿಬಿಟ್ಟಿದೆ! ಇಲ್ಲೂ ಹಾಗೇ ತುಂಡರಿಸಿದರೆ ಒಂದೂ ತಾಳೆಯಾಗುವುದಿಲ್ಲ.

ನಿಜವಾದ ಮಜಾ ಇರುವುದೇ ಇಲ್ಲಿ. ಈಚೆಯ ಸರ್ವರ್ ತುಂಡರಿಸುವುದೇ ಇಲ್ಲ! 1000 ಬೈಟಿನ ಕಿಟಕಿಯೊಂದನ್ನು ಒಂದೊಂದೇ ಬೈಟ್ ಜರುಗಿಸುತ್ತಾ ಹೋಗುತ್ತದೆ. ಜರುಗಿಸಿದಾಗಲೆಲ್ಲ ಸಾವಿರ ಬೈಟನ್ನೂ ಮತ್ತೆ ಕೂಡಬೇಕೇ? ಬೇಡ! ಬಸ್ಸಿನಿಂದ ಒಬ್ಬ ಇಳಿದು ಇನ್ನೊಬ್ಬ ಹತ್ತಿದರೆ ಕಂಡಕ್ಟರ್ ಎಲ್ಲರ ತಲೆ ಮತ್ತೆ ಎಣಿಸುತ್ತಾನೆಯೇ? ಹೋದ ಬೈಟನ್ನು ಕಳೆ, ಬಂದ ಬೈಟನ್ನು ಕೂಡು, ಚಿಕ್ಕ ಗುರುತು ಸಿದ್ಧ! ಅದು ತಾಳೆಯಾದರೆ ಮಾತ್ರ ದೊಡ್ಡ ಗುರುತಿನ ಪರೀಕ್ಷೆ.

ಮೊದಲ ಕಿಟಕಿ ತಾಳೆಯಾಗಲಿಲ್ಲ. ಒಂದೇ ಬೈಟ್ ಜರುಗಿತು. ಸಿಕ್ಕಿತು! ಅಲ್ಲಿಂದ ಮುಂದೆ ಸಾವಿರಕ್ಕೆ ಸಾವಿರ ತುಂಡೂ ತಾಳೆ!

ಆಚೆಗೆ ಹೋಗುವುದು ಆ ಅಲ್ಪವಿರಾಮ, ಜೊತೆಗೆ ‘ಉಳಿದದ್ದು ನಿನ್ನ ಹತ್ತಿರವೇ ಇದೆ, ಇಂಥ ತುಂಡು ಇಲ್ಲಿ ಜೋಡಿಸಿಕೋ’ ಎಂಬ ಪಟ್ಟಿ. ಹೋದದ್ದು ಬಂದದ್ದು ಸೇರಿಸಿದರೂ 25 ಸಾವಿರ ಬೈಟ್ ದಾಟದು. ನಲವತ್ತರಲ್ಲಿ ಒಂದು ಪಾಲು! ಕೊನೆಗೆ ಇಡೀ ಫೈಲಿನ ಗುರುತು ನೋಡಿ ಸರಿಯಿದೆಯೇ ಎಂದು ಖಾತ್ರಿ ಬೇರೆ.

ಸರಿ, ಫೈಲ್ ಬದಲಾದ ಸುದ್ದಿ ಮುಟ್ಟಿಸುವವರು ಯಾರು? ಲಿನಕ್ಸ್ ಕರ್ನಲ್ಲೇ! 2005ರಲ್ಲಿ ಅದಕ್ಕೆ ಐನೋಟಿಫೈ ಎಂಬ ಸೌಲಭ್ಯ ಬಂತು. ಫೋಲ್ಡರಿನಲ್ಲಿ ಏನೇ ಅಲುಗಾಡಲಿ, ತಕ್ಷಣ ಕೂಗಿ ಹೇಳುತ್ತದೆ. (ಒಳಗಿನ ಫೋಲ್ಡರುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಕಾವಲು ಹಾಕಬೇಕು, ಈ ವಿಷಯದಲ್ಲಿ ಅದು ಮಹಾ ಜಿಗುಟು.)

ಆ ಕೂಗು ಕೇಳಿ ಆರ್‌ಸಿಂಕನ್ನು ಓಡಿಸುವುದು ಎಲ್‌ಸಿಂಕ್‌ಡಿ ಎಂಬ ಇನ್ನೊಂದು ತಂತ್ರಾಂಶ. ತಕ್ಷಣವೇ? ಇಲ್ಲ, ಬೇಕೆಂದೇ ಕಾಯುತ್ತದೆ! ಅದರ ಸೆಟ್ಟಿಂಗನ್ನು ನಾವು ಬದಲಿಸದಿದ್ದರೆ 15 ಸೆಕೆಂಡ್. ಅಷ್ಟರಲ್ಲಿ ಬಂದ ಬದಲಾವಣೆಗಳನ್ನೆಲ್ಲ ಗುಡ್ಡೆ ಹಾಕಿ ಒಂದೇ ಸಲಕ್ಕೆ ಸಾಗಿಸುತ್ತದೆ. ಅವಸರವಿದ್ದರೆ ಒಂದು ಸೆಕೆಂಡಿಗೂ ಇಳಿಸಬಹುದು!

ಆದರೆ ಇದನ್ನೇ ಬ್ಯಾಕಪ್ ಎಂದುಕೊಂಡೀರಿ, ಜೋಕೆ! ಇಲ್ಲಿ ಅಳಿಸಿದ್ದನ್ನು ಅದು ಅಷ್ಟೇ ಚುರುಕಾಗಿ ಅಲ್ಲೂ ಅಳಿಸುತ್ತದೆ. ಬ್ಯಾಕಪ್ಪನ್ನು ಬೇರೆಯೇ ಇಟ್ಟುಕೊಳ್ಳಿ.