ಕೀಫ್ರೇಮ್ ಮತ್ತು ಚಲನಪಥ (ವಿಡಿಯೋ ಸ್ವಿಚರ್)

ವಿಡಿಯೋ ಸ್ವಿಚರ್‌ನಲ್ಲಿ ಕೀಫ್ರೇಮ್ ಎಂದರೆ ಎಫೆಕ್ಟ್‌ನ ಒಂದು ನಿರ್ದಿಷ್ಟ ಕ್ಷಣಕ್ಕೆ ಚಿತ್ರದ ಸ್ಥಾನ, ಗಾತ್ರ, ತಿರುವು, ಅಂಚು ಮುಂತಾದ ಮೌಲ್ಯಗಳನ್ನು ದಾಖಲಿಸಿಟ್ಟ ಬಿಂದು. ಒಂದು ಕೀಫ್ರೇಮ್‌ನಿಂದ ಮುಂದಿನದಕ್ಕೆ ಈ ಮೌಲ್ಯಗಳು ಬದಲಾಗುತ್ತ ಸಾಗುವ ಹಾದಿಯನ್ನು ಚಲನಪಥ (ಮೋಷನ್ ಪಾತ್) ಎನ್ನುತ್ತಾರೆ. ನೇರಪ್ರಸಾರದ ಸುದ್ದಿಯಲ್ಲಿ ವಾಚಕರ ಪಕ್ಕಕ್ಕೆ ವರದಿಗಾರರ ಚೌಕಟ್ಟು ಸರಿದು ಬರುವುದು ಇಂತಹ ಎಫೆಕ್ಟ್‌ಗೆ ಉದಾಹರಣೆ.

ಹಿನ್ನೆಲೆ

ಕೀಫ್ರೇಮ್ ಎಂಬ ಪದವು ಕೈಯಿಂದ ಚಿತ್ರಿಸುವ ಅನಿಮೇಷನ್‌ನಿಂದ ಬಂದಿದೆ. ಅಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬರೆದರೆ, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು. ಸ್ವಿಚರ್‌ನಲ್ಲಿ ಈ ನಡುವಣ ಕೆಲಸವನ್ನು ಯಂತ್ರವೇ ಲೆಕ್ಕಹಾಕಿ ಪೂರೈಸುತ್ತದೆ, ಇದು ಇಂಟರ್‌ಪೊಲೇಷನ್. ಸೆಕೆಂಡಿಗೆ 25 ಫ್ರೇಮ್‌ಗಳ ಪ್ರಸಾರದಲ್ಲಿ 2 ಸೆಕೆಂಡಿನ ಎಫೆಕ್ಟ್ 50 ಫ್ರೇಮ್‌ಗಳಷ್ಟಾಗುತ್ತದೆ. ಆಪರೇಟರ್ ನಿಗದಿಪಡಿಸುವುದು ಅವುಗಳಲ್ಲಿ ಎರಡು ಮೂರನ್ನು ಮಾತ್ರ. ಆದ್ದರಿಂದ ಕೀಫ್ರೇಮ್‌ಗಳೆಲ್ಲ ಸರಿಯಾಗಿದ್ದರೂ ಎಫೆಕ್ಟ್ ತಪ್ಪಾಗಿ ಕಾಣಬಹುದು.

ಪಥದ ಬಗೆಗಳು

* ಹೋಲ್ಡ್: ಮುಂದಿನ ಕೀಫ್ರೇಮ್ ಬರುವವರೆಗೆ ಮೌಲ್ಯ ಬದಲಾಗುವುದಿಲ್ಲ, ನಂತರ ಒಮ್ಮೆಲೇ ಜಿಗಿಯುತ್ತದೆ.
* ಲೀನಿಯರ್: ಚಲನೆ ಸಮವೇಗದಲ್ಲಿ ನಡೆಯುತ್ತದೆ. ಆರಂಭ ಮತ್ತು ನಿಲುಗಡೆ ಥಟ್ಟನೆ ಆಗುತ್ತವೆ.
* ಎಸ್-ಲೀನಿಯರ್: ಚಲನೆ ನಿಧಾನವಾಗಿ ಆರಂಭವಾಗಿ, ವೇಗ ಪಡೆದು, ಮತ್ತೆ ನಿಧಾನವಾಗಿ ನಿಲ್ಲುತ್ತದೆ.
* ಕರ್ವ್: ಎಲ್ಲ ಕೀಫ್ರೇಮ್‌ಗಳ ಮೂಲಕ ನಯವಾದ ವಕ್ರರೇಖೆ ಹಾದುಹೋಗುತ್ತದೆ. 1984ರಲ್ಲಿ ಕೊಚಾನೆಕ್ ಮತ್ತು ಬಾರ್ಟೆಲ್ಸ್ ವಿವರಿಸಿದ ಟೆನ್ಷನ್, ಕಂಟಿನ್ಯೂಟಿ, ಬಯಾಸ್ ಎಂಬ ಮೂರು ನಿಯಂತ್ರಣಗಳನ್ನು ಗ್ರಾಸ್ ವ್ಯಾಲಿಯಂತಹ ದೊಡ್ಡ ಸ್ವಿಚರ್‌ಗಳಲ್ಲಿ ಕಾಣಬಹುದು.

ಸಾಮಾನ್ಯ ದೋಷಗಳು

ಚೌಕಟ್ಟು ಎಡದಿಂದ ಬಂದು ಬಲಮೂಲೆಯಲ್ಲಿ ಒಂದು ಸೆಕೆಂಡ್ ನಿಲ್ಲಬೇಕೆಂದುಕೊಳ್ಳೋಣ. ಇದಕ್ಕಾಗಿ ಎರಡನೆಯ ಮತ್ತು ಮೂರನೆಯ ಕೀಫ್ರೇಮ್‌ಗಳಿಗೆ ಒಂದೇ ಸ್ಥಾನವನ್ನು ಕೊಡಲಾಗುತ್ತದೆ. ಕರ್ವ್ ಪಥವಿದ್ದರೆ ಚೌಕಟ್ಟು ಬಂದ ವೇಗದಲ್ಲೇ ಆ ಸ್ಥಾನವನ್ನು ದಾಟಿ ಮುಂದೆ ಹೋಗಿ ಹಿಂದಿರುಗುತ್ತದೆ, ನಿಲ್ಲಬೇಕಾದದ್ದು ತೇಲುತ್ತದೆ. ಎರಡನೆಯ ಕೀಫ್ರೇಮ್‌ನಲ್ಲಿ ಟೆನ್ಷನ್ ಹೆಚ್ಚಿಸುವುದರಿಂದ, ಇಲ್ಲವೇ ಎಸ್-ಲೀನಿಯರ್ ಪಥವನ್ನು ಆರಿಸುವುದರಿಂದ ಇದು ಸರಿಹೋಗುತ್ತದೆ.

ತಿರುವಿನಲ್ಲಿ ಇನ್ನೊಂದು ತೊಡಕಿದೆ. 350 ಡಿಗ್ರಿಯಿಂದ 10 ಡಿಗ್ರಿಗೆ ಹೋಗಲು ಹೇಳಿದರೆ, ಲೆಕ್ಕವನ್ನು ಅಂಕಿಗಳ ಮೇಲೆಯೇ ಮಾಡುವ ಯಂತ್ರ ಚಿತ್ರವನ್ನು 340 ಡಿಗ್ರಿ ಹಿಂದಕ್ಕೆ ಸುತ್ತಿಸುತ್ತದೆ. 20 ಡಿಗ್ರಿಯಷ್ಟೇ ಮುಂದೆ ತಿರುಗಬೇಕಾದರೆ ಕೊನೆಯ ಮೌಲ್ಯವನ್ನು 370 ಎಂದು ಕೊಡಬೇಕು.

ಸಂಪಾದನೆ

ಕೀಫ್ರೇಮ್‌ಗಳನ್ನು ಸೇರಿಸುವುದು, ತಿದ್ದುವುದು ಮತ್ತು ಅಳಿಸುವುದು ಮೂಲ ಕ್ರಿಯೆಗಳು. ಹಲವು ಕೀಫ್ರೇಮ್‌ಗಳನ್ನು ಒಟ್ಟಿಗೆ ತಿದ್ದುವಾಗ ಎಲ್ಲಕ್ಕೂ ಒಂದೇ ಮೌಲ್ಯವನ್ನು ನೀಡಬಹುದು ಅಥವಾ ಇರುವ ಮೌಲ್ಯಗಳಿಗೆ ಒಂದೇ ಪ್ರಮಾಣವನ್ನು ಕೂಡಿಸಬಹುದು. ಮೊದಲನೆಯ ವಿಧಾನ ಆ ಮೌಲ್ಯದ ಚಲನೆಯನ್ನೇ ಅಳಿಸುತ್ತದೆ. ಎರಡನೆಯದು ಪಥದ ಆಕಾರವನ್ನು ಉಳಿಸಿಕೊಂಡು ಇಡೀ ಪಥವನ್ನು ಸರಿಸುತ್ತದೆ.

ಸಿದ್ಧವಾದ ಎಫೆಕ್ಟ್ ಅನ್ನು ಸ್ವಿಚರ್‌ನ ಸ್ಮೃತಿಯಲ್ಲಿ ಉಳಿಸಿಡಲಾಗುತ್ತದೆ. ನೇರಪ್ರಸಾರದಲ್ಲಿ ತಿದ್ದಲು ಅವಕಾಶವಿಲ್ಲದ ಕಾರಣ, ಕೀಫ್ರೇಮ್‌ಗಳನ್ನಷ್ಟೇ ಪರಿಶೀಲಿಸದೆ ಎಫೆಕ್ಟ್ ಅನ್ನು ಪೂರ್ಣ ವೇಗದಲ್ಲಿ ಮೊದಲೇ ಓಡಿಸಿ ನೋಡುವುದು ಅಗತ್ಯ.